ಎಣಿಕೆ

ವಾಲ್ಪರೈಸೊದ ಈ ಗುಡ್ಡಕ್ಕೆ ನಾನು ಬಂದಾಗ
ಹಳಿಯ ಮೇಲೆ ತೆವಳುತ್ತಿದ್ದ ಮರದ ಲಿಫ್ಟು
ಅರ್ಧ ದಾರಿಯಲ್ಲೇ ನಿಂತು ಮೂರು ವರ್ಷ.
ಕಿಟಕಿಯಲ್ಲಿ ಪಾರಿವಾಳ. ಬಾಗಿಲಿಗೆ ನಗರಸಭೆಯ ಬೀಗ.

ಚೀಲದಲ್ಲಿ ಕರಪತ್ರ ಮುನ್ನೂರು,
ಬಾಯಲ್ಲಿ ಭಾಷಣ ಒಂದು.
ಮೊದಲ ಸಭೆಗೆ ಬಂದವರು ನಾಲ್ವರು,
ಅದರಲ್ಲೊಂದು ನಾಯಿ.

ಕ್ಲೋರಿಂದಾ, ದೋಣಿಗಳ ಹಾಯಿ ಹೊಲಿದು
ಬೆರಳು ಸೂಜಿಯಂತೆ ಬಾಗಿದವಳು,
ಕುರ್ಚಿ ಮಡಚುತ್ತ ಅಂದಳು:
"ಕರೆದರೆ ಯಾರು ಬರುತ್ತಾರೆ ಮಗು,
ನೀನು ಹೋಗಬೇಕು.
ಹೋದಮೇಲೆ ಬಾಯಿ ಮುಚ್ಚಿ ಕೂರಬೇಕು.
ಚಹಾ ಮೂರನೇ ಬಟ್ಟಲಿಗೆ ಬರುವ ತನಕ
ಲಿಫ್ಟಿನ ಮಾತೇ ಎತ್ತಬೇಡ."

ಹೋದೆ. ಆ ಚಳಿಗಾಲವಿಡೀ ಹೋದೆ.
ತಗಡಿನ ಮನೆಗಳು, ಹಳದಿ, ನೀಲಿ, ಒಂದರ ಹೆಗಲ ಮೇಲೊಂದು.
ಒಂದೊಂದು ಅಡುಗೆಮನೆಯಲ್ಲೂ ಒಂದೊಂದು ಬಗೆಯ ಮೌನ.
ಗ್ಯಾಸ್ ಸಿಲಿಂಡರ್ ಹೊರುವ ಎಲಿಯೆಸೆರ್
ಮಾತಿಗೆ ಬದಲು ಸೊಂಟ ತೋರಿಸಿದ.
ಒಂಬತ್ತನೇ ತಿರುವಿನ ಅಕ್ಕತಂಗಿ
ಹದಿನಾಲ್ಕು ವರ್ಷದಿಂದ ಮಾತು ಬಿಟ್ಟವರು,
ಒಂದೇ ಗೋಡೆಯ ಆಚೆ ಈಚೆ ಕೂತು
ಒಂದೇ ರೇಡಿಯೊ ಕೇಳುತ್ತಿದ್ದರು.
ಇಬ್ಬರ ಮನೆಯಲ್ಲೂ ಕುಡಿದೆ.
ಅವಳ ಮಾತು ಇವಳಿಗೆ ಮುಟ್ಟಿಸಲಿಲ್ಲ.
ಅದೂ ಒಂದು ಕೆಲಸ ಅಂತ ಆಮೇಲೆ ತಿಳಿಯಿತು.

ಪುಸ್ತಕದಲ್ಲಿ ಬರೆದುಕೊಂಡೆ: ಯಾರಿಗೆ ಏನು ನೋವು.
ಕ್ಲೋರಿಂದಾ ಓದಿದಳು, ಪೆನ್ನು ಕಿತ್ತುಕೊಂಡು
ಪಕ್ಕದಲ್ಲಿ ಗೀಚಿದಳು:
ಯಾರ ಮಾತು ಯಾರು ಕೇಳುತ್ತಾರೆ?

ಅಧ್ಯಕ್ಷನಾಗಲು ಬಾಲ್ದೊಮೆರೊ ತಯಾರಿದ್ದ.
ದೊಡ್ಡ ಗಂಟಲು, ಇಸ್ತ್ರಿಯ ಕೋಟು.
ಅವನು ಮಾತಾಡಿದಾಗ ಜನ ಕೇಳಿದರು,
ಮುಗಿದಾಗ ಮನೆಗೆ ಹೋದರು.

ಮೀನುಪೇಟೆಯಲ್ಲಿ ಲೆಕ್ಕ ಬರೆಯುವ ಯಾಸ್ನಾ
ಉಗ್ಗುವವಳು, ಬಾಗಿಲ ಹತ್ತಿರವೇ ನಿಲ್ಲುವವಳು.
ಗಂಡಹೆಂಡಿರ ಜಗಳ, ಪಿಂಚಣಿ ಅರ್ಜಿ, ಕೂಸಿನ ಜ್ವರ,
ಗುಡ್ಡಕ್ಕೆ ಗುಡ್ಡವೇ ಅವಳ ಕದ ತಟ್ಟುತ್ತಿತ್ತು.
ಅವಳಿಗೇ ಅದು ಗೊತ್ತಿರಲಿಲ್ಲ.
"ನೀನೇ ಮಾತಾಡು" ಎಂದರೆ
ಪಾತ್ರೆ ತೊಳೆಯಲು ಎದ್ದಳು.
ನಾನೂ ಎದ್ದು ಒರೆಸುವ ಬಟ್ಟೆ ಹಿಡಿದೆ.
ಹೀಗೆ ಎಷ್ಟು ಸಂಜೆಯೋ.

ನಗರಸಭೆಯಲ್ಲಿ ನಮಗೆ ಸಿಕ್ಕಿದ್ದು ಹತ್ತು ನಿಮಿಷ.
ನನ್ನ ಭಾಷಣ ಜೇಬಿನಲ್ಲಿ ಬೆಚ್ಚಗಿತ್ತು.
ಎದ್ದೇಳಹೋದವರ ತೊಡೆಯ ಮೇಲೆ
ಕ್ಲೋರಿಂದಾಳ ಕೈ ಬಿತ್ತು, ಕಲ್ಲಿನಂತೆ.
ಯಾಸ್ನಾ ಎದ್ದಳು.
ಒಂದು, ಅಂದಳು.
ಎರಡು. ಮೂರು.
ಅಂಕಿಗಳಲ್ಲಿ ಅವಳಿಗೆ ಉಗ್ಗಿಲ್ಲ.
ಅಧಿಕಾರಿ ಗಡಿಯಾರ ನೋಡಿದ.
ಎಪ್ಪತ್ತಮೂರು ಎಂದಾಗ ಎಲಿಯೆಸೆರ್ ಎದ್ದ:
"ಈ ಮೆಟ್ಟಿಲಲ್ಲಿ ನಾನು ಬಿದ್ದೆ."
ನೂರ ಹದಿನೆಂಟು. ಅಕ್ಕ ಎದ್ದಳು:
"ಇಲ್ಲಿಂದ ಅಮ್ಮನನ್ನು ಕುರ್ಚಿಗೆ ಕಟ್ಟಿ ಇಳಿಸಿದ್ದು."
ತಂಗಿ ಆಗಲೇ ನಿಂತಿದ್ದಳು:
"ಕಾಲಿನ ಕಡೆ ನಾನು ಹಿಡಿದಿದ್ದೆ."
ಇನ್ನೂರ ಹನ್ನೆರಡು ಮುಗಿಯುವ ಹೊತ್ತಿಗೆ
ಹದಿನೇಳು ನಿಮಿಷ. ಕೂತಲ್ಲೇ ಕೂತ ಅಧಿಕಾರಿಗೆ
ಏದುಸಿರು ಬಂದಂತಿತ್ತು.

ಲಿಫ್ಟು ಇನ್ನೂ ನಿಂತೇ ಇದೆ. ಟೆಂಡರು ಕರೆಯುತ್ತಾರಂತೆ.
ಪಾರಿವಾಳ ಮರಿ ಮಾಡಿದೆ.
ಎಣಿಸಿದಂತೆ ಆಗಲಿಲ್ಲ,
ಎಣಿಸಿದ್ದಂತೂ ಆಯಿತು.

ಮೊನ್ನೆ ರಾತ್ರಿ ನನ್ನ ಬಾಗಿಲು ಸದ್ದಾಯಿತು.
ಯಾಸ್ನಾ. ಕಂಕುಳಲ್ಲಿ ನನ್ನದೇ ಹಳೆಯ ಪುಸ್ತಕ,
ಕಾಗದದಲ್ಲಿ ಸುತ್ತಿದ ಬಿಸಿ ಬ್ರೆಡ್ಡು.
ಕೂತಳು. ಮೂರು ಬಟ್ಟಲು ಕುಡಿದಳು.
ಆಮೇಲೆ ಮೆಲ್ಲಗೆ, ಒಂದೊಂದೇ ಅಕ್ಷರ ಹತ್ತಿ,
"ನಿ-ನಿನ್ನ ನಿದ್ದೆ ಕೆಡಿಸುವುದು ಯಾವುದು?"

ನಲವತ್ತು ಮನೆಗಳಿಗೆ ನಾನು ಕೇಳಿದ ಪ್ರಶ್ನೆ.
ನನ್ನನ್ನು ಯಾರೂ ಕೇಳಿರಲಿಲ್ಲ.
ಎದ್ದು ನೀರನ್ನು ಮತ್ತೆ ಒಲೆಗಿಟ್ಟೆ.
ತಿರುಗಿ ನೋಡಿದರೆ, ಅವಳು
ಪೆನ್ನಿನ ಮುಚ್ಚಳ ತೆಗೆದೇ ಇರಲಿಲ್ಲ.